ಆಯುಧಪೂಜೆಗೆ ಬಿಚ್ಚಿಟ್ಟ ಗೇಟು

ಗಂಡನ ಬೆರಳು ನುಂಗಿದ ಪ್ರೆಸ್ಸಿನ ಮುಂದೆಯೇ ಹೆಂಡತಿಯನ್ನು ಕರೆತಂದು ಕೂರಿಸಿದ ದಿನ ನಾನು ಮ್ಯಾನೇಜರ ಜೊತೆ ಜಗಳವಾಡಿದೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹಿರೇಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ, ಮೋಟಾರುಗಳಿಗೆ ಬೇಕಾದ ತಗಡಿನ ಕ್ಲಾಂಪುಗಳನ್ನು ಒತ್ತಿ ಕೊಡುವ ಸಣ್ಣ ಕಾರ್ಖಾನೆ ನಮ್ಮದು. ಮೆಷಿನ್ನುಗಳ ರಿಪೇರಿ ನನ್ನ ಪಾಲಿನ ಕೆಲಸ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಕೊತ್ತಗೆರೆಯ ನಮ್ಮ ಮನೆಯವರೆಲ್ಲ ಹೇಳುತ್ತಾರೆ. ಅವತ್ತು ಅದು ಮೂಗನ್ನೂ ದಾಟಿ ಬಂದಿತ್ತು.

"ಸಾರ್, ಪ್ಯಾಕಿಂಗಿಗೆ ಹಾಕಿ, ಗುಡಿಸೋಕೆ ಹಾಕಿ. ಆ ಪ್ರೆಸ್ ಮುಂದೆ ಮಾತ್ರ ಬೇಡ" ಎಂದೆ.

"ಬೇರೆ ಕಡೆ ಜಾಗ ಇಲ್ಲ ಕಣ್ರೀ. ಆಯಮ್ಮನೇ ಒಪ್ಕೊಂಡಿದಾಳೆ, ಮಧ್ಯ ನಿಮ್ದೇನು?" ಎಂದರು ಮ್ಯಾನೇಜರ್. ಅವರು ಕೆಟ್ಟವರೇನಲ್ಲ. ಮಾಲೀಕರ ಹತ್ತಿರ ಹೋಗಿ ಆ ಮನೆಗೆ ಒಂದು ಕೆಲಸ ಕೊಡಿಸಿದವರೇ ಅವರು.

ಬೆರಳು ಕಳೆದುಕೊಂಡವನು ನನ್ನ ಗೆಳೆಯ. ಗುಬ್ಬಿ ಪಕ್ಕದ ಹಳ್ಳಿಯವನು, ದಿನಾ ಪ್ಯಾಸೆಂಜರ್ ರೈಲಿನಲ್ಲಿ ಬಂದು ಹೋಗುತ್ತಿದ್ದ. ನನ್ನ ಡಬ್ಬಿಯ ಉಪ್ಪಿನಕಾಯಿಗೆ ಕೇಳದೆ ಕೈ ಹಾಕುವ ಹಕ್ಕು ಇಡೀ ಶೆಡ್ಡಿನಲ್ಲಿ ಅವನೊಬ್ಬನಿಗೇ ಇತ್ತು. ಹಾಡು ಬರದಿದ್ದರೂ ಹಾಡುತ್ತಿದ್ದ. ಸುಮ್ಮನಿರೋ ಮಾರಾಯ ಎಂದರೆ ಇನ್ನಷ್ಟು ಜೋರಾಗಿ ಹಾಡುತ್ತಿದ್ದ.

ಆ ಪ್ರೆಸ್ಸಿನ ಸ್ವಭಾವವನ್ನು ಸ್ವಲ್ಪ ಹೇಳಬೇಕು. ಅದರ ಪಕ್ಕದಲ್ಲಿ ಭಾರಿ ಚಕ್ರವೊಂದು ಸದಾ ತಿರುಗುತ್ತಿರುತ್ತದೆ. ಪೆಡಲ್ ತುಳಿದರೆ, ನಾವು ಕೀ ಎಂದು ಕರೆಯುವ ಉಕ್ಕಿನ ತುಂಡು ಆ ಚಕ್ರವನ್ನು ಶಾಫ್ಟಿಗೆ ಕಚ್ಚಿಸುತ್ತದೆ. ಆಗ ಮೇಲಿನ ಅಚ್ಚನ್ನು ಹೊತ್ತ ರ‍್ಯಾಮ್ ಕೆಳಗಿಳಿದು, ಕೆಳಗಿನ ಅಚ್ಚಿನಲ್ಲಿಟ್ಟ ತಗಡನ್ನು ಒತ್ತಿ, ಮತ್ತೆ ಮೇಲೆ ಹೋಗಿ ನಿಲ್ಲುತ್ತದೆ. ಒಮ್ಮೆ ಕಚ್ಚಿತೆಂದರೆ ಸುತ್ತು ಮುಗಿಯುವ ತನಕ ಅದನ್ನು ತಡೆಯಲು ಯಾರಿಂದಲೂ ಆಗದು. ಕೀ ಸವೆದರೆ ಇನ್ನೊಂದು ಕಾಟ. ಒಂದು ಸಲ ತುಳಿದರೆ ಎರಡು ಸಲ ಇಳಿಯುತ್ತದೆ. ಅದಕ್ಕೆ ನಾವು ಡಬಲ್ ಹೊಡೆಯುವುದು ಎನ್ನುತ್ತಿದ್ದೆವು. ಒತ್ತಿದ ಕ್ಲಾಂಪನ್ನು ತೆಗೆಯಲು ಗೆಳೆಯ ಎಡಗೈ ಹಾಕಿದಾಗ ಪ್ರೆಸ್ಸು ಡಬಲ್ ಹೊಡೆಯಿತು. ಆ ಕೈಯಲ್ಲಿ ಹೆಬ್ಬೆರಳೊಂದೇ ಉಳಿಯಿತು.

ಕಾಲನ್ನು ಪೆಡಲ್ ಮೇಲೆಯೇ ಇಟ್ಟುಕೊಂಡಿದ್ದ, ಅವನದೇ ತಪ್ಪು ಎಂದು ಆಫೀಸಿನಲ್ಲಿ ಮಾತಾಯಿತು. ಆಸ್ಪತ್ರೆಯಲ್ಲಿ ಮಲಗಿದ್ದ ಅವನೂ ಅದನ್ನೇ ನಂಬಿಕೊಂಡು ಅನ್ನ ನೀರು ಬಿಟ್ಟಿದ್ದ. ನಾನು ಕೀ ಕೂರುವ ಕ್ಲಚ್ ಬಿಚ್ಚಿ ನೋಡಿದೆ. ಕೀಯ ಮೂಲೆಗಳು ಸವೆದು ದುಂಡಗಾಗಿದ್ದವು. ಅದನ್ನು ಮ್ಯಾನೇಜರ ಮೇಜಿನ ಮೇಲಿಟ್ಟೆ, ಆಮೇಲೆ ಬಟ್ಟೆಯಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಹೋದೆ.

"ನೋಡ್ಲಾ, ನಿನ್ ಕಾಲಲ್ಲ ಕಣೋ, ಇದು" ಎಂದು ಅವನ ಬಲಗೈಗೆ ಕೊಟ್ಟೆ. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿ ಅತ್ತ. ಅವತ್ತು ಮುದ್ದೆ ಉಂಡ ಎಂದು ಮಾರನೆಯ ದಿನ ಅವನ ಹೆಂಡತಿ ಹೇಳಿದರು.

ಅವರನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು, ನನಗಿಂತ ಚಿಕ್ಕವರಾದರೂ. ಕೆಲಸಕ್ಕೆ ಬಂದ ಮೊದಲ ದಿನ ಅವರು ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡು ಪ್ರೆಸ್ಸಿಗೊಂದು ನಮಸ್ಕಾರ ಮಾಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಅಣ್ಣ, ನಮ್ಮನೇಲಿ ನಾಕು ಕೈಯಲ್ಲಿ ಮೂರೇ ನೆಟ್ಟಗವೆ. ಹಾಲ್ ಕರಿಯಕ್ಕೆ, ಮಗೀಗೆ ಜಡೆ ಹಾಕಕ್ಕೆ, ಅವ್ರ ಅಂಗಿ ಗುಂಡಿ ಹಾಕಕ್ಕೆ ಎಲ್ಲಾ ನನ್ನವೆರಡೇ. ಇವೆರಡು ಉಳಿಯಂಗೆ ಏನಾರ ಮಾಡ್ಕೊಡಿ."

ಮಾಡಿಕೊಡ್ತೀನಿ ಅಕ್ಕ ಎಂದೆ. ಅಷ್ಟು ಹೊತ್ತಿಗಾಗಲೇ ಹೊಸ ಕೀ, ಹೊಸ ಸ್ಪ್ರಿಂಗ್ ಹಾಕಿದ್ದೆ. ಆದರೆ ಹೊಸ ಕೀಯೂ ಒಂದು ದಿನ ಹಳೆಯದಾಗುತ್ತದೆ. ಓಡುವ ಯಂತ್ರಕ್ಕೆ ಬೇಲಿ ಇರಬೇಕು ಎಂದು ಕಾನೂನೇ ಹೇಳುತ್ತದೆ. ನಮ್ಮ ಶೆಡ್ಡಿನಲ್ಲಿ ಬೇಲಿ ಎಂದರೆ ಬೆಲ್ಟಿನ ಮೇಲೊಂದು ತಗಡು, ಗೋಡೆಯ ಮೇಲೊಂದು 'ಎಚ್ಚರಿಕೆ' ಬೋರ್ಡು. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ನಾವು ಆಮೇಲೂ ಹಾಕಿರಲಿಲ್ಲ.

ಮೊದಲು ಮಾಡಿದ್ದು ಜಾಲರಿ. ಕೈ ಹೋಗದ ಹಾಗೆ, ತಗಡಿನ ಪಟ್ಟಿ ಮಾತ್ರ ತೂರುವಷ್ಟು ಸೀಳು ಬಿಟ್ಟು ಪ್ರೆಸ್ಸಿನ ಮುಂದೆ ಬೋಲ್ಟ್ ಹಾಕಿ ಕೂರಿಸಿದೆ. ಉದ್ದ ಪಟ್ಟಿಯನ್ನು ಕತ್ತರಿಸುವಾಗ ಚೆನ್ನಾಗಿಯೇ ಇತ್ತು. ಆದರೆ ಅದೇ ಪ್ರೆಸ್ಸಿನಲ್ಲಿ ಬಗ್ಗಿಸುವ ಕೆಲಸವೂ ಬರುತ್ತಿತ್ತು. ಆಗ ಒಂದೊಂದೇ ಕ್ಲಾಂಪನ್ನು ಕೈಯಿಂದ ಅಚ್ಚಿನಲ್ಲಿಟ್ಟು ಕೈಯಿಂದಲೇ ತೆಗೆಯಬೇಕು. ಜಾಲರಿ ಇದ್ದರೆ ಕೆಲಸವೇ ಇಲ್ಲ. ಒಂದು ಬೆಳಿಗ್ಗೆ ಬಂದು ನೋಡಿದರೆ ಜಾಲರಿ ಗೋಡೆಗೊರಗಿತ್ತು, ಯಾರೋ ಅದಕ್ಕೆ ಊಟದ ಚೀಲ ನೇತುಹಾಕಿದ್ದರು.

ಆಮೇಲೆ ಇಕ್ಕಳ ಮಾಡಿಸಿಕೊಟ್ಟೆ. ಕೈ ಹೊರಗಿರಲಿ, ಇಕ್ಕಳ ಒಳಗೆ ಹೋಗಲಿ ಎಂದು. ಅಕ್ಕ ಪಾಪ ಶ್ರದ್ಧೆಯಿಂದ ಅದರಲ್ಲೇ ಮಾಡಿದರು. ಒಂದು ದಿನ ಇಕ್ಕಳದ ತುದಿ ರ‍್ಯಾಮಿನ ಅಡಿಗೆ ಸಿಕ್ಕಿ ಅಚ್ಚೇ ಸೀಳಿತು. ಮ್ಯಾನೇಜರ್ ತಲೆ ಮೇಲೆ ಕೈ ಹೊತ್ತುಕೊಂಡು ಕೂತರು.

"ಬೆರಳ್ ಹೋದ್ರೆ ಆಸ್ಪತ್ರೆ ಐತೆ, ಅಚ್ ಹೋದ್ರೆ ಯಾರಪ್ಪ ಕೊಡ್ತಾನೆ?" ಎಂದು ಪಕ್ಕದ ಪ್ರೆಸ್ಸಿನವನು ನಗಾಡಿದ. ನಾನು ಅವನ ಕಡೆ ನೋಡಿದ ನೋಟಕ್ಕೆ ನಗುವನ್ನು ಅರ್ಧಕ್ಕೇ ನುಂಗಿಕೊಂಡ. ಅವನು ಕೇಡಿಗನಲ್ಲ. ಹಾಗೆ ನಗದಿದ್ದರೆ ಆ ಮೆಷಿನ್ನುಗಳ ಮುಂದೆ ಕೂರುವುದು ಯಾರಿಗೂ ಆಗುತ್ತಿರಲಿಲ್ಲ.

ಆ ವಾರ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಎರಡು ಸಲವೂ ನಾನು ಕೆಲಸದವರನ್ನೇ ಎಚ್ಚರವಾಗಿರಿ ಎಂದು ಕೇಳಿಕೊಂಡಿದ್ದೆ. ಬೆಳಗಿನಿಂದ ಸಂಜೆಯವರೆಗೆ ಒಂದೇ ಕೆಲಸ ಮಾಡುವವರು ಎಷ್ಟೆಂದು ಎಚ್ಚರವಾಗಿರಬೇಕು? ಮನೆಯ ಯೋಚನೆ ಬರುತ್ತದೆ, ತೂಕಡಿಕೆ ಬರುತ್ತದೆ. ಬುದ್ಧಿ ಹೇಳಬೇಕಾದ್ದು ಮೆಷಿನ್ನಿಗೆ, ಮನುಷ್ಯರಿಗಲ್ಲ ಎಂದು ತೀರ್ಮಾನ ಮಾಡಿದೆ. ಕೈ ಒಳಗಿದ್ದರೆ ಪ್ರೆಸ್ಸು ಇಳಿಯಲೇಬಾರದು.

ತುಮಕೂರಿನ ಗುಜರಿ ಅಂಗಡಿಯಲ್ಲಿ ಸೈಕಲ್ ಚೈನು, ಹಲ್ಲಿನ ಚಕ್ರ, ಒಂದಿಷ್ಟು ಕಬ್ಬಿಣದ ಪಟ್ಟಿ ಆರಿಸಿ ತಂದೆ. ಅಚ್ಚಿನ ಮುಂದೆ ಮೇಲೆ ಕೆಳಗೆ ಜಾರುವ ಜಾಲರಿ ಗೇಟು ಮಾಡಿ, ಪಕ್ಕಗಳಿಂದಲೂ ಕೈ ಹೋಗದ ಹಾಗೆ ಮುಚ್ಚಿದೆ. ಪೆಡಲ್ ತುಳಿದರೆ ಮೊದಲು ಇಳಿಯುವುದು ಗೇಟು. ಗೇಟು ಪೂರ್ತಿ ಕೆಳಗೆ ಕೂತ ಮೇಲೆಯೇ ಅದರ ಕೊಕ್ಕೆ ಕ್ಲಚ್ಚಿನ ಸಲಾಕೆಯನ್ನು ಎಳೆಯುತ್ತದೆ, ಆಗ ಮಾತ್ರ ರ‍್ಯಾಮ್ ಇಳಿಯುತ್ತದೆ. ನಡುವೆ ಕೈ ಇದ್ದರೆ ಗೇಟು ಮಣಿಕಟ್ಟಿನ ಮೇಲೆ ಮೆತ್ತಗೆ ಕೂತುಬಿಡುತ್ತದೆ, ಕೊಕ್ಕೆಗೆ ಸಲಾಕೆ ಸಿಗುವುದಿಲ್ಲ. ಡಬಲ್ ಹೊಡೆದರೂ ರ‍್ಯಾಮ್ ಮೇಲೆ ಹೋಗಿ ನಿಲ್ಲುವವರೆಗೆ ಗೇಟು ತೆರೆಯದ ಹಾಗೆ ಒಂದು ಅಗುಳಿ ಇಟ್ಟೆ. ಗೇಟನ್ನು ಬಿಚ್ಚಿಬಿಟ್ಟರೆ ಪೆಡಲ್ಲಿಗೂ ಕ್ಲಚ್ಚಿಗೂ ಸಂಬಂಧವೇ ಇರುವುದಿಲ್ಲ, ಎಷ್ಟು ತುಳಿದರೂ ಪ್ರೆಸ್ಸು ಮಿಸುಕುವುದಿಲ್ಲ.

ಹೇಳುವುದು ಸುಲಭ. ಗೇಟು ಒಮ್ಮೆ ಸಿಕ್ಕಿಕೊಂಡಿತು, ಒಮ್ಮೆ ಚೈನು ಜಾರಿತು. ಇನ್ನೊಮ್ಮೆ ಗೇಟಿನ ತೂಕ ಹೆಚ್ಚಾಗಿ ಪರೀಕ್ಷೆಗೆಂದು ಇಟ್ಟ ಬಾಳೆದಿಂಡನ್ನೇ ಜಜ್ಜಿತು. ಇನ್ನೊಂದು ಬದಿಗೆ ಎದುರು ತೂಕ ಕಟ್ಟಿ ಕಟ್ಟಿ ಹಗುರ ಮಾಡಿದೆ. ಕೊನೆಗೆ ದಿಂಡಿನ ಮೇಲೆ ಗೀರೂ ಬೀಳಲಿಲ್ಲ.

"ಈಗ ನನ್ ಕೈ ಇಟ್ಟು ನೋಡಣ" ಎಂದರು ಅಕ್ಕ.

"ನಿಮ್ದು ಬೇಡಿ ಅಕ್ಕ, ನಿಮ್ಮನೇಲಿ ಲೆಕ್ಕ ಕಮ್ಮಿ ಐತೆ" ಎಂದು ನನ್ನ ಕೈಯನ್ನೇ ಅಚ್ಚಿನ ಮೇಲಿಟ್ಟು ಪೆಡಲ್ ತುಳಿದೆ. ಗೇಟು ಬಂದು ಮಣಿಕಟ್ಟಿನ ಮೇಲೆ ಕೂತಿತು. ಮೇಲೆ ರ‍್ಯಾಮ್ ಸುಮ್ಮನೆ ನಿಂತಿತ್ತು. ಅಕ್ಕ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು, ಕಣ್ಣಲ್ಲಿ ನೀರಿತ್ತು. ಅವತ್ತು ನನಗಾದ ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ನನ್ನ ಹೆಂಡತಿ ಓದದಿದ್ದರೆ ಸಾಕು.

ಕೆಲಸ ನಿಧಾನವಾಯಿತು ಎಂದು ಮ್ಯಾನೇಜರ್ ಗೊಣಗಿದರು. ಅಕ್ಕನೇ ಉತ್ತರ ಕೊಟ್ಟರು: "ಸಾ, ಕೈ ಬೆದರೋದು ನಿಂತ್ರೆ ಕೆಲ್ಸ ತಾನಾಗೇ ಓಡ್ತದೆ, ನೋಡ್ತಿರಿ." ಹಾಗೆಯೇ ಆಯಿತು. ತಿಂಗಳು ಕಳೆಯುವಷ್ಟರಲ್ಲಿ ಅವರ ಕೈ ಎಷ್ಟು ಸಲೀಸಾಗಿ ಓಡಾಡತೊಡಗಿತೆಂದರೆ, ಮ್ಯಾನೇಜರೇ ಉಳಿದ ಪ್ರೆಸ್ಸುಗಳಿಗೂ ಇಂಥದ್ದೇ ಮಾಡಿ ಎಂದರು. ಗೆಳೆಯ ಮನೆಯಲ್ಲಿ ಹಸು ನೋಡಿಕೊಂಡು, ಒಂದೂವರೆ ಕೈಯಲ್ಲಿ ಅಡುಗೆ ಕಲಿತಿದ್ದ. ಅವನು ಮಾಡಿದ ಬಸ್ಸಾರು ಅಕ್ಕನ ಡಬ್ಬಿಯಲ್ಲಿ ನನಗೆ ಬರುತ್ತಿತ್ತು. ಉಪ್ಪು ಯಾವಾಗಲೂ ಜಾಸ್ತಿ.

ಹೀಗೇ ಆಯುಧಪೂಜೆ ಬಂತು.

ಹಬ್ಬದ ಹಿಂದಿನ ದಿನ ಕೆಲಸ ನಿಲ್ಲಿಸಿ, ಮೆಷಿನ್ನುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಿಚ್ಚಬಹುದಾದದ್ದನ್ನೆಲ್ಲ ಬಿಚ್ಚಿ ಬಣ್ಣ ಬಳಿಯುವುದು ನಮ್ಮಲ್ಲಿನ ರೂಢಿ. ಬೆಲ್ಟಿನ ತಗಡು, ಜಾಲರಿ, ಬಾಗಿಲು ಎಲ್ಲವೂ ಅಂಗಳಕ್ಕೆ ಬರುತ್ತವೆ. ಗೇಟಿಗೆ ಬಣ್ಣ ಬಳಿದವರು ಅಕ್ಕನೇ. ಮಗುವಿಗೆ ಎಣ್ಣೆ ಹಚ್ಚುವ ಹಾಗೆ ಒಂದೊಂದು ಸರಳಿಗೂ ಹಸಿರು ಬಣ್ಣ ಹಚ್ಚಿದರು. ಸಂಜೆ ಮೋಡ ಕವಿದು ತೇವ ಕಟ್ಟಿತು, ಬಣ್ಣ ಒಣಗಲಿಲ್ಲ. ಹಬ್ಬ ಮುಗಿದ ಮೇಲೆ ನಾನೇ ಗೇಟು ಹಾಕುತ್ತೇನೆ, ಅಲ್ಲಿಯವರೆಗೆ ಈ ಪ್ರೆಸ್ಸು ಓಡುವುದು ಬೇಡ ಎಂದು ಮ್ಯಾನೇಜರಿಗೆ ಹೇಳಿದೆ. ಅವರು ಹೂಂ ಎಂದರು. ಹೇಗೂ ಗೇಟಿಲ್ಲದೆ ಪೆಡಲ್ ಕೆಲಸ ಮಾಡುವುದಿಲ್ಲವಲ್ಲ.

ಮಾರನೆಯ ದಿನ ಎಲ್ಲರ ಮನೆಯವರೂ ಬಂದಿದ್ದರು. ವರ್ಷದಲ್ಲಿ ಕಾರ್ಖಾನೆಯೊಳಗೆ ಹೆಂಡತಿ ಮಕ್ಕಳು ಕಾಲಿಡುವುದು ಅದೊಂದೇ ದಿನ. ಗೆಳೆಯನೂ ಬಂದಿದ್ದ. ಬಿಳಿ ಅಂಗಿ, ಎಡಗೈ ಜೇಬಿನಲ್ಲಿ. ಪ್ರೆಸ್ಸುಗಳಿಗೆ ಬಾಳೆಕಂದು, ಚೆಂಡುಹೂವಿನ ಹಾರ, ಅರಿಶಿನ ಕುಂಕುಮ. ಪೂಜೆಯಾದ ಮೇಲೆ ಒಂದೊಂದು ಪ್ರೆಸ್ಸೂ ಒಂದು ನಿಂಬೆಹಣ್ಣಿನ ಮೇಲೆ ಒಂದು ಏಟು ಹೊಡೆಯಬೇಕು. ಹೊಡೆಯದ ಮೆಷಿನ್ನು ವರ್ಷವೆಲ್ಲ ಮಲಗುತ್ತದೆ ಎಂಬುದು ನಂಬಿಕೆ. ಹಿಂಬದಿಯ ಶೆಡ್ಡಿನಲ್ಲಿದ್ದ ಜನರೇಟರು, ಕಂಪ್ರೆಸರುಗಳ ಪೂಜೆ ನನ್ನದು. ನಾನು ಅಲ್ಲಿ ಕರ್ಪೂರ ಹಚ್ಚುತ್ತಿದ್ದೆ.

ಈ ಕಡೆ ಏನಾಯಿತೆಂದು ನನಗೆ ಆಮೇಲೆ ಗೊತ್ತಾಯಿತು. ಇನ್ನೂ ಗೇಟು ಹಾಕಿರದ ಉಳಿದ ಪ್ರೆಸ್ಸುಗಳೆಲ್ಲ ಹೊಡೆದವು. ಗೇಟು ಬಿಚ್ಚಿದ್ದ ಪ್ರೆಸ್ಸು ಹೊಡೆಯಲಿಲ್ಲ. ಮಂಗಳಾರತಿಯ ಹೊತ್ತಿನಲ್ಲಿ ಮೆಷಿನ್ನು ಸುಮ್ಮನೆ ನಿಂತರೆ ಅಪಶಕುನ, ಅದರಲ್ಲೂ ಒಮ್ಮೆ ರಕ್ತ ಕಂಡ ಮೆಷಿನ್ನು. ಯಾರೋ ಬೈಂಡಿಂಗ್ ವೈರು ತಂದು ಪೆಡಲ್ಲಿಗೂ ಕ್ಲಚ್ಚಿನ ಸಲಾಕೆಗೂ ನೇರವಾಗಿ ಕಟ್ಟಿದರು. ಒಂದೇ ಏಟು ತಾನೆ ಎಂದರು ಮ್ಯಾನೇಜರ್. ಆಮೇಲೆ ಗೆಳೆಯನ ಹೆಗಲ ಮೇಲೆ ಕೈಯಿಟ್ಟು ಮುಂದೆ ಕರೆದರು: "ಬಾಪ್ಪ, ಈ ಪ್ರೆಸ್ಸಿಗೂ ನಿಂಗೂ ಋಣ ಇದೆ. ಏಟು ನೀನೇ ಹೊಡಿ. ಕಾಲು ನೆಟ್ಟಗಿದೆಯಲ್ಲ." ಅವನಿಗಾಗಿ ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ಎಷ್ಟೋ ದಿನಗಳ ಮೇಲೆ ಅವನ ಮುಖದಲ್ಲಿ ಹೆಮ್ಮೆ ಕಂಡಿತು ಎಂದು ಹೇಳಿದವರಿದ್ದಾರೆ. ಇದರಲ್ಲಿ ನಾನು ಯಾರನ್ನು ಬೈಯಲಿ?

ಅಕ್ಕ ನಿಂಬೆಹಣ್ಣು ಇಟ್ಟರು. ಅದು ಬಗ್ಗಿಸುವ ಅಚ್ಚು, ಮೇಲ್ಮೈ ಇಳಿಜಾರು. ಗೆಳೆಯ ತುಳಿಯುವಷ್ಟರಲ್ಲಿ ಹಣ್ಣು ಉರುಳಿ ರ‍್ಯಾಮ್ ಬರೀ ಅಚ್ಚಿಗೆ ಬಡಿಯಿತು. ಎಲ್ಲರೂ ಛೇ ಎಂದರು, ಇನ್ನೊಂದ್ಸಲ ಎಂದರು. ಆ ಏಟಿನ ಸದ್ದು ಹಿಂದಿನ ಶೆಡ್ಡಿನಲ್ಲಿದ್ದ ನನಗೆ ಕೇಳಿಸಿತು. ಆ ಪ್ರೆಸ್ಸಿನ ಸದ್ದು ನನಗೆ ಗೊತ್ತು. ಆರತಿ ತಟ್ಟೆ ಅಲ್ಲೇ ಇಟ್ಟು ಓಡಿದೆ.

ಬಾಗಿಲಿಗೆ ಬಂದಾಗ ಜಾಗಟೆ ಬಡಿಯುತ್ತಿತ್ತು, ಶಂಖ ಊದುತ್ತಿದ್ದರು. ಬೇಡ ಎಂದು ಕಿರುಚಿದೆ, ನನಗೇ ನನ್ನ ದನಿ ಕೇಳಿಸಲಿಲ್ಲ. ಎಲ್ಲರ ಕಣ್ಣೂ ನಿಂಬೆಹಣ್ಣಿನ ಮೇಲಿತ್ತು. ನನ್ನ ಕಣ್ಣು ಅಭ್ಯಾಸಬಲದಿಂದ ಪೆಡಲ್ ಮೇಲೆ ಹೋಯಿತು. ಹಣ್ಣು ಮತ್ತೆ ಉರುಳಿತು. ಅಕ್ಕನ ಬಲಗೈ ಅದರ ಹಿಂದೆ ಹೋಯಿತು. ಗೆಳೆಯನ ಕಾಲು ಪೆಡಲನ್ನು ತುಳಿಯಿತು.

ಅದಕ್ಕಿಂತ ಹೆಚ್ಚು ಬರೆಯಲಾರೆ. ಉರುಳುವುದನ್ನು ಕಂಡರೆ ಯಾರ ಕೈಯಾದರೂ ಹೋಗುತ್ತದೆ. ಆದರೆ ಗೇಟು ಬರುವ ಮುಂಚಿನ ಅಕ್ಕನಾಗಿದ್ದರೆ ಆ ಕೈ ಅರ್ಧದಲ್ಲೇ ಬೆದರಿ ಹಿಂದೆ ಬರುತ್ತಿತ್ತೇನೋ. ಗೇಟು ಬಂದ ಮೇಲೆ ಆ ಕೈಗೆ ಹೆದರಿಕೆ ಮರೆತುಹೋಗಿತ್ತು.

ತುಮಕೂರಿನ ಆಸ್ಪತ್ರೆಯಲ್ಲಿ ಡಾಕ್ಟರಿಗೆ ಹೆಬ್ಬೆರಳನ್ನೂ ಉಳಿಸಲಾಗಲಿಲ್ಲ. ಮೂರನೆಯ ದಿನ ನಾನು ಹೋದಾಗ ಗೆಳೆಯ ಹೊರಗೆ ಜಗಲಿಯ ಮೇಲೆ ಕೂತಿದ್ದ. ಅವನ ಮುಂದೆ ಯಾರೋ ತಂದಿಟ್ಟ ಇಡ್ಲಿ ಹಾಗೆಯೇ ಒಣಗಿತ್ತು. ಒಳಗೆ ಅಕ್ಕ ಕಣ್ಣು ಬಿಟ್ಟುಕೊಂಡು ಮಲಗಿದ್ದರು. ಮಂಚದ ಪಕ್ಕ ಹೋಗಿ ನಿಂತೆ. ಅವರೇ ಮಾತಾಡಿದರು.

"ಅಣ್ಣ, ಅವ್ರು ಬಾವಿ ಕಡೆ ನೋಡ್ತಾರೆ ಅಂತ ಭಯ ಆಗ್ತೈತೆ. ನಾನ್ ತುಳುದ್ನಾ, ನಾನ್ ತುಳುದ್ನಾ ಅಂತ ಒಂದೇ ಕೇಳ್ತಾರೆ. ನಂಗೊತ್ತು, ನಿಮ್ಗೂ ಗೊತ್ತು. ಅವ್ರ್ಗೆ ಮಾತ್ರ ಸರ್ಯಾಗ್ ಗೊತ್ತಿಲ್ಲ. ಮಿಷನ್ನು ತಾನಾಗೇ ಡಬಲ್ ಹೊಡೀತು ಅಂತ ನೀವ್ ಹೇಳ್ಬುಡಿ. ಅವ್ರು ನಂಬೋದು ನಿಮ್ಮೊಬ್ರನ್ನೇ."

"ಅಕ್ಕ, ಆ ಕೀ ನಾನೇ ಹಾಕಿದ್ದು" ಎಂದೆ. ಪ್ರೆಸ್ಸನ್ನು ಬಿಚ್ಚಿ ನೋಡಿದ್ದೆ. ಕೀಗೆ ಏನೂ ಆಗಿರಲಿಲ್ಲ, ಮೂಲೆಗಳು ಇನ್ನೂ ಚೂಪಾಗಿದ್ದವು.

"ಗೊತ್ತು ಕಣಣ್ಣ. ಅದ್ಕೇ ನಿಮ್ಮನ್ನ ಕೇಳ್ತಿರೋದು" ಎಂದು ಅವರು ಗೋಡೆಯ ಕಡೆ ತಿರುಗಿದರು.

ಹೊರಗೆ ಬಂದು ಗೆಳೆಯನ ಪಕ್ಕ ಕೂತೆ. ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. ಜಗಳಗಂಟರಿಗೆ ಅದರ ಅಗತ್ಯ ಬೀಳುವುದಿಲ್ಲ.

"ನೀನ್ ತುಳೀಲಿಲ್ಲ ಕಣೋ. ಬಾಗ್ಲಲ್ಲಿ ನಿಂತು ನಾನೇ ನೋಡ್ದೆ. ನಿನ್ ಕಾಲು ಇನ್ನೂ ಮೇಲಿತ್ತು. ಮೊದ್ಲನೇ ಏಟಿಗೆ ಕಚ್ಚಿದ ಕೀ ಬಿಡದೆ ಪ್ರೆಸ್ಸು ತಾನಾಗೇ ಇಳೀತು. ನಾನ್ ಹಾಕಿದ್ ಕೀ ಸರಿಯಾಗಿ ಕೂತಿರ್ಲಿಲ್ಲ."

ಅವನು ಬಹಳ ಹೊತ್ತು ನನ್ನ ಮುಖ ನೋಡಿದ. ಕೆಲಸ ಗೊತ್ತಿದ್ದವನು. ಎರಡು ಏಟುಗಳ ನಡುವೆ ಅಷ್ಟು ಹೊತ್ತು ಕಳೆದಿದ್ದರೆ ಅದು ಡಬಲ್ ಅಲ್ಲ ಎಂದು ಬೇರೆ ದಿನವಾಗಿದ್ದರೆ ಅವನೇ ನನಗೆ ಹೇಳುತ್ತಿದ್ದ. ಆ ದಿನ ಅವನಿಗೆ ನಂಬುವುದು ಬೇಕಾಗಿತ್ತು.

"ನೀನ್ ಹಾಕಿದ್ ಕೀನಾ?"

"ಹೂಂ."

ಉಳಿದಿದ್ದ ಒಂದು ಕೈಯಲ್ಲಿ ಕಪಾಳಕ್ಕೆ ಹೊಡೆದ. ಆಮೇಲೆ ಎದೆಗೆ, ಹೆಗಲಿಗೆ, 'ನನ್ ಮನೆ ಹಾಳ್ ಮಾಡ್ದಲ್ಲೋ' ಎನ್ನುತ್ತ ಎಲ್ಲೆಂದರಲ್ಲಿ ಹೊಡೆದ. ಆಸ್ಪತ್ರೆಯವರು ಬಂದು ಬಿಡಿಸಿದರು. ನನಗೆ ನೋವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ, ಒಂದು ದಿನಕ್ಕೆ ಒಂದು ಸುಳ್ಳು ಸಾಕು. ಆ ರಾತ್ರಿ ಅವನು ಉಂಡ ಎಂದು ಅಕ್ಕ ನರ್ಸಿನ ಕೈಯಲ್ಲಿ ಹೇಳಿ ಕಳಿಸಿದರು.

ತನಿಖೆಗೆ ಬಂದ ಇನ್‌ಸ್ಪೆಕ್ಟರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಗೇಟು ಅಂಗಳದಲ್ಲಿತ್ತು, ವೈರು ಕಟ್ಟಿದ್ದರು. ಸುಳ್ಳು ಅವನೊಬ್ಬನಿಗೇ. ಮ್ಯಾನೇಜರ್ ಕೆಲಸ ಬಿಟ್ಟು ಹೋದರು, ಹೋಗುವಾಗ ನನ್ನ ಕೈ ಹಿಡಿದುಕೊಂಡು ಅತ್ತರು. ನಾನು ಉಳಿದೆ. ಎಲ್ಲ ಪ್ರೆಸ್ಸುಗಳಿಗೂ ಗೇಟು ಮಾಡಿ ಮುಗಿಸಿದೆ. ಹಬ್ಬಕ್ಕೆ ಯಾವ ಗೇಟನ್ನೂ ಬಿಚ್ಚಲು ಬಿಡಲಿಲ್ಲ. ಬಣ್ಣ ಬಳಿಯುವುದಾದರೆ ಇದ್ದಲ್ಲೇ ಬಳಿಯಿರಿ, ನಿಂಬೆಹಣ್ಣು ಮೆಷಿನ್ನಿನ ಮುಂದೆ ನೆಲದ ಮೇಲಿಟ್ಟು ಕಾಲಿನಲ್ಲಿ ತುಳಿಯಿರಿ ಎಂದೆ. ದೇವರಿಗೇನೂ ಸಿಟ್ಟು ಬಂದ ಹಾಗೆ ಕಾಣಲಿಲ್ಲ.

ಗೆಳೆಯ ಮಾತ್ರ ನನ್ನೊಡನೆ ಮತ್ತೆ ಮಾತಾಡಲಿಲ್ಲ. ವರ್ಷಗಳು ಕಳೆದವು. ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡರೆ ಪಕ್ಕಕ್ಕೆ ಉಗಿದು ಮುಖ ತಿರುಗಿಸುತ್ತಿದ್ದ. ಅವನ ನೆಂಟರೂ ಹಾಗೇ. ಆ ಉಗುಳು ಬಿಸಿತುಪ್ಪದಂತೆ, ನುಂಗಲೂ ಆಗದು, ನಡೆದದ್ದನ್ನು ಹೇಳಲೂ ಆಗದು. ಎಷ್ಟೋ ಸಲ ಹಿಂದೆ ಓಡಿ ಹೋಗಿ ತೋಳು ಹಿಡಿದು ನಿಲ್ಲಿಸಬೇಕು ಅನ್ನಿಸುತ್ತಿತ್ತು. ನಿಲ್ಲಿಸಿ ಏನು ಹೇಳುವುದು? ಬಸ್ಸು ಹತ್ತಿ ಬರುತ್ತಿದ್ದೆ.

ಜ್ವರ ಬಂದು ಅವನು ತೀರಿಕೊಂಡ ಸುದ್ದಿ ತಿಳಿದ ದಿನ ಹೋದೆ. ಅವನು ಹೋದದ್ದರಿಂದಲೇ ಈಗ ಇದನ್ನೆಲ್ಲ ಬರೆಯಬಹುದಾಗಿದೆ. ಮನೆಯ ಮುಂದೆ ಕೂತಿದ್ದವರಲ್ಲಿ ಒಬ್ಬರು, ಇವ್ನ್ಯಾಕ್ ಬಂದ ಎಂದು ನನಗೆ ಕೇಳುವ ಹಾಗೆಯೇ ಅಂದರು. ಅಕ್ಕ ಒಳಗಿಂದ ಎದ್ದು ಬಂದು ನನ್ನನ್ನು ಹೆಣದ ಹತ್ತಿರ ಕರೆದುಕೊಂಡು ಹೋದರು. ಎಡಗೈಯಲ್ಲಿ ಅವನ ಅಂಗಿಯನ್ನು ಸರಿಮಾಡುತ್ತ ಮೆಲ್ಲಗೆ ಹೇಳಿದರು:

"ಕೊನೇ ದಿನ್ದವರ್ಗೂ ನಿಮ್ಮನ್ನೇ ಬಯ್ತಿದ್ರು ಕಣಣ್ಣ. ತನ್ನನ್ನ ಒಂದಿನಾನೂ ಬಯ್ಕೊಳ್ಳಿಲ್ಲ."

ಊರಾಚೆ ಅವನದೇ ಹೊಲದ ಮೂಲೆಯಲ್ಲಿ ಗುಂಡಿ ತೆಗೆದಿದ್ದರು. ನೆಂಟರೆಲ್ಲ ಮಣ್ಣು ಹಾಕಿ ಸರಿದ ಮೇಲೆ ಕೊನೆಯವನಾಗಿ ಹೋದೆ. ಶತ್ರುವಾಗಿಯೇ ಅವನ ಮೇಲೆ ಒಂದು ಹಿಡಿ ಮಣ್ಣು ಹಾಕಿ ಬಂದೆ.